ಆಟಿಯಲ್ಲಿ ಹಸಿವು, ಕ್ರಿಸ್ಮಸ್ಸಿಗೆ ಅಕ್ಕಿ

(ಕಾಸರಗೋಡು ಭಾಗದ ಚರ್ಚುಗಳ ವಾಳೆ ಗುರಿಕಾರರು, ಅಂದರೆ ಮನೆಗಳ ಗುಂಪುಗಳ ಮುಖ್ಯಸ್ಥರು, ಮತ್ತು ಬಡವರಿಗೆ ನೆರವಾಗುವ ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯ ಸದಸ್ಯರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೆಯೇ ಇಟ್ಟುಕೊಳ್ಳಲಾಗಿದೆ.)

ಗುರುಗಳೇ, ಗುರಿಕಾರರೇ, ಅಕ್ಕ ಅಣ್ಣಂದಿರೇ,

ಧರ್ಮಸಭೆಯಲ್ಲಿ ದಾನ ಹಂಚುವ ವಿಚಾರಕ್ಕೆ ಎದ್ದ ಮೊದಲ ದೊಡ್ಡ ತಕರಾರು ಭಾಷೆಯದ್ದು. ಪ್ರೇಷಿತರ ಕಾರ್ಯಕಲಾಪಗಳ ಆರನೇ ಅಧ್ಯಾಯ ತೆರೆದು ನೋಡಿ. ಜೆರುಸಲೇಮಿನಲ್ಲಿ ದಿನಾ ಊಟ ಹಂಚುತ್ತಿದ್ದರು. ಗ್ರೀಕ್ ಮಾತಾಡುವ ವಿಧವೆಯರ ಪಾಲು ತಪ್ಪಿಹೋಗುತ್ತಿದೆ ಎಂದು ಗೊಣಗಾಟ ಸುರುವಾಯಿತು. ಪ್ರೇಷಿತರು ಉಪದೇಶ ಮಾಡಲಿಲ್ಲ. ಏಳು ಜನರನ್ನು ನೀವೇ ಆರಿಸಿ ಎಂದರು. ಸ್ತೇಫನ, ಫಿಲಿಪ್ಪ, ಪ್ರೊಖೋರ, ನಿಕನೋರ, ತಿಮೋನ, ಪರ್ಮೇನ, ನಿಕೊಲಾಯ. ಏಳೂ ಗ್ರೀಕ್ ಹೆಸರುಗಳು. ಯಾರ ಪಾಲು ತಪ್ಪಿತ್ತೋ ಅವರ ಕಡೆಯವರ ಕೈಗೇ ಸಟ್ಟುಗ ಕೊಟ್ಟರು ಎಂದಾಯಿತು.

ಕಾಸರಗೋಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1956ರ ನವೆಂಬರ್ 1ರಂದು ಈ ತಾಲೂಕು ಕೇರಳಕ್ಕೆ ಸೇರಿತು, ಚರ್ಚಿನ ಲೆಕ್ಕದಲ್ಲಿ ನಾವು ಮಂಗಳೂರು ಧರ್ಮಪ್ರಾಂತದಲ್ಲೇ ಉಳಿದೆವು. ಮನೆಯಲ್ಲಿ ಕೊಂಕಣಿ, ತೋಟದಲ್ಲಿ ತುಳು, ಶಾಲೆಯಲ್ಲಿ ಕನ್ನಡ, ವಿಲೇಜ್ ಆಫೀಸಿನ ಅರ್ಜಿ ಮಲಯಾಳದಲ್ಲಿ. ಬೇಳ, ಕಯ್ಯಾರು, ವರ್ಕಾಡಿ, ನಾರಂಪಾಡಿ, ಮಂಜೇಶ್ವರ, ಎಲ್ಲಿ ನೋಡಿದರೂ ಪಾಲು ತಪ್ಪುವುದು ಹೆಚ್ಚಾಗಿ ಅರ್ಜಿ ಓದಲು ಬಾರದ ಮನೆಗೆ. ಆ ವಿಷಯಕ್ಕೆ ಮತ್ತೆ ಬರುತ್ತೇವೆ. ಮೊದಲು ನಾವು ಕೊಡುವ ಹೊತ್ತಿನ ಬಗ್ಗೆ ಮಾತಾಡೋಣ.

ನಮ್ಮ ದಾನದ ಕ್ಯಾಲೆಂಡರೇ ತಿರುಗುಮುರುಗಾಗಿದೆ. ಡಿಸೆಂಬರ್ ಬಂತೆಂದರೆ ಕಿಟ್: ಐದು ಕಿಲೋ ಅಕ್ಕಿ, ಸಕ್ಕರೆ, ತೆಂಗಿನೆಣ್ಣೆ, ಮೇಲೊಂದು ಕೇಕು. ಆದರೆ ಡಿಸೆಂಬರಿನಲ್ಲಿ ಅಡಿಕೆ ಕೊಯ್ಲಿದೆ, ಸುಲಿಯುವ ಕೆಲಸವಿದೆ, ಕೋರೆಯಲ್ಲಿ ಕಲ್ಲು ಏಳುತ್ತಿದೆ, ಗಾರೆ ಕೆಲಸ ನಡೆಯುತ್ತಿದೆ. ಕೂಲಿಯ ಮನೆಯಲ್ಲಿ ನಾಲ್ಕು ಕಾಸು ಓಡಾಡುವ ಕಾಲ ಅದು. ಜೂನಿಗೆ ಬನ್ನಿ. ಕೋರೆಯಲ್ಲಿ ನೀರು ನಿಂತಿದೆ. ಗಾರೆ ಕೆಲಸ ಬಂದ್. ಕಡಲ ಕರೆಯಲ್ಲಿ ಟ್ರಾಲಿಂಗ್ ನಿಷೇಧ. ಜೂನ್ ಒಂದಕ್ಕೆ ಶಾಲೆ ಬಾಗಿಲು ತೆರೆದಾಗ ಪುಸ್ತಕ, ಚೀಲ, ಕೊಡೆ, ಯೂನಿಫಾರ್ಮ್ ಎಲ್ಲ ಒಟ್ಟಿಗೆ. ಮಾಡಿನ ಹಂಚು ಒಡೆದಿದ್ದರೆ ಟರ್ಪಾಲು ಬೇಕು. ತೋಟಕ್ಕೆ ಮದ್ದು ಬಿಡುವವರಿಗೆ ಮಾತ್ರ ಮಳೆ ಹೊಳವಾದ ದಿನ ಕೂಲಿ ಸಿಗುತ್ತದೆ, ಮರ ಜಾರುವುದೂ ಆ ದಿನಗಳಲ್ಲೇ. ಆಟಿ ತಿಂಗಳು (ಜುಲೈ-ಆಗಸ್ಟ್) ದಾಟುವವರೆಗೆ ಈ ಮನೆಗಳು ಕೈಸಾಲದಲ್ಲಿ ನಡೆಯುತ್ತವೆ. ಆಟಿಯ ಸಾಲಕ್ಕೆ ಡಿಸೆಂಬರಿನ ಕೂಲಿಯಿಂದ ಬಡ್ಡಿ ಹೋಗುವ ಹೊತ್ತಿಗೆ ನಾವು ಕೇಕು ಹಿಡಿದುಕೊಂಡು ಹೋಗಿ ಬಾಗಿಲಲ್ಲಿ ನಿಲ್ಲುತ್ತೇವೆ.

ತಪಸ್ಸು ಕಾಲದ ಕಾಣಿಕೆ ಫೆಬ್ರವರಿ, ಮಾರ್ಚ್, ಏಪ್ರಿಲ್ ಹೊತ್ತಿಗೆ ಸೇರುತ್ತದೆ. ಅದರಲ್ಲಿ ಚರ್ಚಿನ ಮಟ್ಟದಲ್ಲಿ ಉಳಿಯುವ ಪಾಲನ್ನು ಪಾಸ್ಖ (ಈಸ್ಟರ್) ಹಬ್ಬದ ಮೊದಲೇ ಖರ್ಚು ಮಾಡಿ ಮುಗಿಸಬೇಕೆಂದು ಎಲ್ಲಿಯೂ ಬರೆದಿಲ್ಲ. ಮೇ ಕೊನೆಯ ವಾರಕ್ಕೆ ಎತ್ತಿಡಿ. ಕ್ರಿಸ್ಮಸ್ ಕಿಟ್ಟಿನ ದುಡ್ಡನ್ನೂ ಅರ್ಧದಷ್ಟಾದರೂ ಅಲ್ಲಿಗೆ ತಳ್ಳಿ. ಹಬ್ಬದ ದಿನ ಒಂದು ಕುಸ್ವಾರ್ (ಕ್ರಿಸ್ಮಸ್ ತಿಂಡಿ) ಪೊಟ್ಟಣ ಕೊಟ್ಟರೆ ಯಾರೂ ಬೇಡ ಎನ್ನುವುದಿಲ್ಲ, ಅದು ನೆರೆಕರೆಯ ಪ್ರೀತಿ. ಅದನ್ನು ಬಡತನ ನಿವಾರಣೆಯ ಲೆಕ್ಕದಲ್ಲಿ ಬರೆಯಬೇಡಿ ಅಷ್ಟೆ.

ಹೊತ್ತು ಗೊತ್ತಿಲ್ಲದೆ ಕೊಡುವುದು ಹೊಸ ಕಾಯಿಲೆಯಲ್ಲ. 1617ರ ಆಗಸ್ಟ್‌ನಲ್ಲಿ ಫ್ರಾನ್ಸಿನ ಶಾತಿಯೋಂ ಎಂಬ ಸಣ್ಣ ಊರಿನಲ್ಲಿ ವಿನ್ಸೆಂಟ್ ದೆ ಪಾವ್ಲ್ ಧರ್ಮಗುರುವಾಗಿದ್ದರು. ಊರಾಚೆ ಒಂದು ಮನೆಯವರು ಎಲ್ಲರೂ ಕಾಯಿಲೆ ಬಿದ್ದಿದ್ದಾರೆಂದು ಪ್ರಸಂಗದಲ್ಲಿ ಹೇಳಿದರು. ಮಧ್ಯಾಹ್ನದ ಮೇಲೆ ನೋಡಿದರೆ ದಾರಿ ತುಂಬ ಜನ, ಎಲ್ಲರ ಕೈಯಲ್ಲೂ ಬುತ್ತಿ. ವಿನ್ಸೆಂಟರಿಗೆ ಖುಷಿಯಾಗಲಿಲ್ಲ, ಚಿಂತೆಯಾಯಿತು. ಇವತ್ತು ಬಂದದ್ದರಲ್ಲಿ ಮುಕ್ಕಾಲು ಹಳಸುತ್ತದೆ, ನಾಳಿದ್ದು ಆ ಮನೆಗೆ ಮತ್ತೆ ಉಪವಾಸ. ಅದೇ ವರ್ಷ ಊರಿನ ಹೆಂಗಸರನ್ನು ಸೇರಿಸಿ ಸರದಿ ಮಾಡಿದರು. ಯಾರ ದಿನ ಯಾವಾಗ, ಅಡುಗೆ ಏನು, ರೋಗಿಯ ಎದುರು ತಟ್ಟೆ ಹೇಗೆ ಇಡಬೇಕು ಎಂಬುದರವರೆಗೆ ನಿಯಮ ಬರೆದರು. ಮುಂದೆ 1833ರಲ್ಲಿ ಪ್ಯಾರಿಸಿನಲ್ಲಿ ಫ್ರೆಡರಿಕ್ ಒಜಾನಾಂ ಎಂಬ ಇಪ್ಪತ್ತರ ವಿದ್ಯಾರ್ಥಿ ಮತ್ತು ಗೆಳೆಯರು ಕಟ್ಟಿದ ಸಭೆಗೆ ವಿನ್ಸೆಂಟರ ಹೆಸರು ಬಂದದ್ದು ಸುಮ್ಮನೆ ಅಲ್ಲ. ಆ ಹುಡುಗರಿಗೆ ಬಡವರ ಮನೆಗೆ ಹೋಗುವುದು ಹೇಗೆಂದು ಕಲಿಸಿದವರು ಸಿಸ್ಟರ್ ರೊಜಾಲಿ ರೆಂದು. ಅವರು ಹುಡುಗರ ಕೈಗೆ ವಿಳಾಸ ಕೊಟ್ಟು ಕಳಿಸುತ್ತಿದ್ದರು.

ಈಗ ಲೆಕ್ಕಕ್ಕೆ ಬನ್ನಿ. ಇನ್ನೂರು ಮನೆಯ ಒಂದು ಚರ್ಚ್ ಎಂದು ಇಟ್ಟುಕೊಳ್ಳಿ. ಮನೆಗೆ ತಿಂಗಳಿಗೆ 50 ರೂಪಾಯಿ ಎಂದು ತೀರ್ಮಾನ ಮಾಡಿದ್ದೀರಿ. ಇನ್ನೂರೂ ಮನೆಯವರು ಕೊಡುವುದಿಲ್ಲ, ಇಲ್ಲಿ ಕುಳಿತವರಿಗೆ ಅದು ನಮಗಿಂತ ಚೆನ್ನಾಗಿ ಗೊತ್ತು. ನೂರ ನಲವತ್ತು ಮನೆ ಕೊಟ್ಟಿತು. ವರ್ಷಕ್ಕೆ 84,000. ಇದನ್ನು ನಲವತ್ತು ಬಡ ಮನೆಗಳಿಗೆ ಸಮ ಹಂಚಿದರೆ ಮನೆಗೆ 2,100, ತಿಂಗಳಿಗೆ 175 ರೂಪಾಯಿ. ಮೂರು ಮನೆಗೆ ಹಾಕಿದರೆ ಮನೆಗೆ 28,000. ಮೊದಲನೆಯದರಲ್ಲಿ ಯಾರೂ ಬೈಯುವುದಿಲ್ಲ, ಯಾರ ಬಡತನವೂ ತೀರುವುದಿಲ್ಲ. ಎರಡನೆಯದರಲ್ಲಿ ಮೂವತ್ತೇಳು ಮನೆಯವರು ಗುರಿಕಾರನನ್ನು ದಾರಿಯಲ್ಲಿ ನಿಲ್ಲಿಸಿ ಕೇಳುತ್ತಾರೆ. ಆದರೂ ಎರಡನೆಯದೇ ಸರಿ ಎನ್ನುವುದು ನಮ್ಮ ಅಭಿಪ್ರಾಯ. ತುರ್ತಿಗೆ ಎಂದು 20,000 ಬದಿಗಿಡಿ: ಬಿದ್ದವರು, ಬೆಂಕಿ, ಗಾಳಿಗೆ ಹಾರಿದ ಮಾಡು. ಉಳಿದದ್ದರಲ್ಲಿ ಎರಡೋ ಮೂರೋ ಮನೆ, ಒಂದೊಂದರ ಜತೆ ಕನಿಷ್ಠ ಒಂದೂವರೆ ವರ್ಷ. ಪೂಜೆಯ ನಂತರ ಎಷ್ಟು ಮನೆ, ಎಷ್ಟು ಹಣ ಎಂದು ಓದಿ ಹೇಳಿ; ಯಾವ ಮನೆ ಎಂದು ಹೇಳಬೇಡಿ. ಮುಂದಿನ ಸರದಿ ಯಾವಾಗ ಎಂಬುದನ್ನೂ ಹೇಳಿ. ಸರದಿ ಇದೆ ಎಂದು ಗೊತ್ತಾದರೆ ಹೊಟ್ಟೆಕಿಚ್ಚು ಅರ್ಧ ಇಳಿಯುತ್ತದೆ.

ಭೇಟಿಗೆ ಇಬ್ಬರು ಹೋಗಬೇಕು ಎಂಬುದು ವಿನ್ಸೆಂಟ್ ಸಭೆಯ ಹಳೆಯ ಕ್ರಮ. ಇಬ್ಬರಲ್ಲಿ ಒಬ್ಬರು ಹೆಂಗಸಾಗಿರಲಿ. ಭಾನುವಾರ ಬೇಡ, ಅವತ್ತು ಮನೆಯವರು ಇಸ್ತ್ರಿ ಬಟ್ಟೆಯಲ್ಲಿರುತ್ತಾರೆ, ಮಾತೂ ಇಸ್ತ್ರಿ ಆಗಿರುತ್ತದೆ. ಬೀಡಿ ಕಟ್ಟುವ ಮನೆಯಾದರೆ ಬ್ರಾಂಚಿಗೆ ಬೀಡಿ ಕೊಡುವ ದಿನ ಬಿಟ್ಟು ಬೇರೆ ದಿನ ಹೋಗಿ, ಅಕ್ಕನ ಕೈ ಬೀಡಿಯ ಸೂಪಿನಲ್ಲಿ (ಮೊರದಲ್ಲಿ) ಇರಲಿ, ನೀವು ಚಾವಡಿಯಲ್ಲಿ ಕುಳಿತು ಮಾತಾಡಿ. ಫೋಟೊ ಬೇಡ. ವಾಟ್ಸಾಪ್ ಗುಂಪಿಗೆ ಹಾಕಲಿಕ್ಕೆ ಅಕ್ಕಿ ಚೀಲದ ಜತೆ ಒಬ್ಬ ಹೆಂಗಸನ್ನು ನಿಲ್ಲಿಸುವ ಅಭ್ಯಾಸ ಈಚೆಗೆ ಹೆಚ್ಚಾಗಿದೆ; ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎಂದು ಓದುವ ಚರ್ಚಿನಲ್ಲಿಯೇ ಹೀಗಾಗುತ್ತದೆ ಎನ್ನುವುದು ಬೇಸರದ ಮಾತು.

‘ನಿಮಗೆ ಏನು ಬೇಕು’ ಎಂದು ಕೇಳಬೇಡಿ. ಕೇಳಿದರೆ ಅಕ್ಕಿ ಎನ್ನುತ್ತಾರೆ, ಯಾಕೆಂದರೆ ನಾವು ಅಕ್ಕಿ ಕೊಡುವವರೆಂದು ಅವರಿಗೆ ಗೊತ್ತು. ಸಾಲ ಕೇಳಿ. ಒಂದು ನೋಟ್ ಪುಸ್ತಕದಲ್ಲಿ ನಾಲ್ಕು ಗೆರೆ ಎಳೆದುಕೊಳ್ಳಿ: ಯಾರಿಂದ, ಅಸಲು ಎಷ್ಟು, ತಿಂಗಳಿಗೆ ಬಡ್ಡಿ ಎಷ್ಟು, ಅಡವಿಗೆ ಏನು ಇಟ್ಟಿದ್ದಾರೆ. ಮೊದಲ ಭೇಟಿಯಲ್ಲಿ ಬ್ಯಾಂಕು, ಸೊಸೈಟಿ, ಕುಟುಂಬಶ್ರೀ (ಕೇರಳದ ಮಹಿಳಾ ಸ್ವಸಹಾಯ ಗುಂಪು) ಸಾಲ ಹೇಳುತ್ತಾರೆ, ಅವು ಮರ್ಯಾದೆಯ ಸಾಲಗಳು. ಮೀಟರ್ ಬಡ್ಡಿಯವನ ಹೆಸರು ಮೂರನೇ ಭೇಟಿಗೆ ಬರುತ್ತದೆ. ಅದಕ್ಕೆ ಮೊದಲೇ ಕಣ್ಣಿಗೆ ಬೀಳುವ ಗುರುತುಗಳುಂಟು. ಕಿವಿಯ ಓಲೆಯ ಜಾಗದಲ್ಲಿ ಕಡ್ಡಿ. ಹಟ್ಟಿ ಇದೆ, ದನ ಇಲ್ಲ. ಒಂಬತ್ತನೇ ಕ್ಲಾಸಿನ ಹುಡುಗ ಕೆಲಸದ ದಿನ ಮನೆಯಲ್ಲಿದ್ದಾನೆ.

ಒಂದು ಲೆಕ್ಕ ಮಾಡೋಣ. ಗಂಡ ಅಡಿಕೆ ಮರದಿಂದ ಬಿದ್ದ, ಮಂಗಳೂರಿನ ಆಸ್ಪತ್ರೆಗೆ ಕೊಡಲು ಖಾಸಗಿಯವರಿಂದ 40,000 ತಂದರು. ನೂರಕ್ಕೆ ತಿಂಗಳಿಗೆ ಐದು ರೂಪಾಯಿ. ತಿಂಗಳಿಗೆ 2,000 ಬಡ್ಡಿ, ವರ್ಷಕ್ಕೆ 24,000, ಅಸಲು ಹಾಗೆಯೇ ಕುಳಿತಿದೆ. ನಾವು ಕನಿಕರದಿಂದ ತಿಂಗಳಿಗೆ 1,000 ರೂಪಾಯಿಯ ಕಿಟ್ ಕೊಟ್ಟೆವು. ನಲವತ್ತು ತಿಂಗಳಲ್ಲಿ ನಮ್ಮ ಖರ್ಚು 40,000. ಅದೇ ನಲವತ್ತು ತಿಂಗಳಲ್ಲಿ ಆ ಮನೆ ಕಟ್ಟಿದ ಬಡ್ಡಿ 80,000, ಸಾಲ ಇನ್ನೂ 40,000 ಇದೆ. ನಮ್ಮ ಅಕ್ಕಿ ತಿಂದು ಉಳಿಸಿದ ದುಡ್ಡು ನೇರ ಬಡ್ಡಿಯವನ ಕೈಗೆ. ಹಾಗೆ ಮಾಡದೆ ಮೊದಲ ತಿಂಗಳೇ ಆ 40,000 ತೀರಿಸಿ, ಬಡ್ಡಿ ಇಲ್ಲದೆ ತಿಂಗಳಿಗೆ 1,000ದಂತೆ ವಾಪಸು ಕಟ್ಟಿ ಎಂದರೆ? ಮನೆಯ ಖರ್ಚಿಗೆ ಆ ತಿಂಗಳಿನಿಂದಲೇ 1,000 ಉಳಿಯಿತು. ನಲವತ್ತು ತಿಂಗಳಲ್ಲಿ ನಮ್ಮ ಹಣ ಪೂರ್ತಿ ವಾಪಸು ಬಂದು ಇನ್ನೊಂದು ಮನೆಗೆ ಹೋಗುತ್ತದೆ.

ತೀರಿಸುವಾಗ ಹಣವನ್ನು ಮನೆಯವರ ಕೈಗೂ ಕೊಡಬೇಡಿ, ಅವರನ್ನು ಬಿಟ್ಟು ನೀವೇ ಹೋಗಲೂ ಬೇಡಿ. ಅವರ ಜತೆ ಇಬ್ಬರು ಹೋಗಿ, ಸಾಲಿಗನ ಎದುರು ಎಣಿಸಿ, ಅಲ್ಲೇ ಮೂರು ವಸ್ತು ಕೇಳಿ ಪಡೆಯಿರಿ: ಬರೆದುಕೊಟ್ಟ ನೋಟು ಅಥವಾ ಮುದ್ರೆಕಾಗದ, ಸಹಿ ಮಾಡಿದ ಖಾಲಿ ಚೆಕ್, ಪೂರ್ತಿ ಸಂದಾಯವಾಯಿತೆಂಬ ಚೀಟಿ. ಖಾಲಿ ಚೆಕ್ ಒಂದು ಉಳಿದುಬಿಟ್ಟರೆ ಎರಡು ವರ್ಷದ ಮೇಲೆ ಕೋರ್ಟ್ ನೋಟೀಸ್ ಬರುತ್ತದೆ. ಚಿನ್ನ ಅಡವಿದ್ದರೆ ಇನ್ನೂ ಸುಲಭ ದಾರಿ ಉಂಟು. ಮೂರು ಪವನು ಖಾಸಗಿಯವರಲ್ಲಿ ಹೆಚ್ಚು ಬಡ್ಡಿಗೆ ಕುಳಿತಿದ್ದರೆ ಬಿಡಿಸಿ ಅದೇ ದಿನ ಸಹಕಾರಿ ಬ್ಯಾಂಕಿಗೆ ಒಯ್ದು ಇಡಿ. ಚರ್ಚಿನ ಹಣ ಎರಡು ಗಂಟೆ ಮಾತ್ರ ಹೊರಗಿದ್ದು ಸಂಜೆಗೆ ವಾಪಸು ಬಂದರೂ ಬರಬಹುದು.

ಅಡವಿನ ವಿಷಯದಲ್ಲಿ ಕಥೊಲಿಕರಿಗೆ ದೊಡ್ಡ ಇತಿಹಾಸವಿದೆ. 1462ರಲ್ಲಿ ಇಟಲಿಯ ಪೆರೂಜಿಯಾದಲ್ಲಿ ಫ್ರಾನ್ಸಿಸ್ಕನ್ ಸನ್ಯಾಸಿಗಳು ಬಡವರಿಗಾಗಿ ಅಡವಿನ ಮನೆ ತೆರೆದರು. ಊರವರು ಕೊಟ್ಟ ದಾನವೇ ಬಂಡವಾಳ. ಬಡವರು ವಸ್ತು ಇಟ್ಟು ಕಡಿಮೆ ದರಕ್ಕೆ ಹಣ ಒಯ್ಯಬಹುದಿತ್ತು. ಖರ್ಚಿಗೆಂದು ಸ್ವಲ್ಪ ಬಡ್ಡಿ ತೆಗೆಯುವುದು ಪಾಪವೋ ಅಲ್ಲವೋ ಎಂದು ಐವತ್ತು ವರ್ಷ ಜಗಳವಾಗಿ, 1515ರಲ್ಲಿ ಧರ್ಮಸಭೆಯ ಲ್ಯಾಟರನ್ ಮಹಾಸಭೆ ಅದು ತಪ್ಪಲ್ಲ ಎಂದಿತು. ಮಂಗಳೂರಿನಲ್ಲಿ 1912ರಲ್ಲಿ ಕಥೊಲಿಕರು ಸಹಕಾರಿ ಬ್ಯಾಂಕು ಕಟ್ಟಿದ್ದೂ ಇದೇ ಜಾಡಿನಲ್ಲಿ. ಆದರೆ ಚರ್ಚಿನ ನಿಧಿ ಬಡ್ಡಿ ತೆಗೆಯಲಿಕ್ಕೆ ಹೋಗಬಾರದು. ಒಂದು ರೂಪಾಯಿ ಬಡ್ಡಿ ತೆಗೆದರೂ ಅದು ಲೇವಾದೇವಿಯಾಗುತ್ತದೆ, ಕೇರಳದಲ್ಲಿ ಅದಕ್ಕೆ ಪರವಾನಗಿ ಬೇಕು.

ಇನ್ನು ದುಡಿಮೆಗೆ ಕೊಡುವ ವಸ್ತುಗಳು. ಹೊಲಿಗೆ ಮೆಶಿನು ಕೊಡುವುದು ಎಲ್ಲರಿಗೂ ಪ್ರೀತಿ. ಹೊಲಿಯಲು ಬರುವವರಿದ್ದಾರೆ, ಬಟ್ಟೆ ಕತ್ತರಿಸಲು ಬರುವವರು ಕಡಿಮೆ. ಕಟ್ಟಿಂಗ್ ಕಲಿಯದವರಿಗೆ ಕೊಟ್ಟ ಮೆಶಿನಿನ ಮೇಲೆ ಆರು ತಿಂಗಳ ಮೇಲೆ ಟಿ.ವಿ. ಕುಳಿತಿರುತ್ತದೆ. ಅದರ ಬಗ್ಗೆ ಇಷ್ಟು ಸಾಕು.

ಆಡಿನ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಯಾಕೆಂದರೆ ನಮ್ಮ ಕಡೆ ಇದು ನಡೆಯುತ್ತದೆ, ಕೆಡುವುದೂ ಇದೇ. ಮಲಬಾರಿ ತಳಿಯ ಆಡು ಹೆಚ್ಚಾಗಿ ಅವಳಿ ಹಾಕುತ್ತದೆ, ಮಳೆಗೂ ಒಗ್ಗಿದೆ. ಮನೆಗೆ ಎರಡು ಹೆಣ್ಣಾಡು ಕೊಡಿ. ಒಂದೇ ಆದರೆ ಕೂಗಿ ಕೂಗಿ ಮೇವು ಬಿಡುತ್ತದೆ. ಹೋತ ಮನೆಮನೆಗೆ ಬೇಡ, ವಾಳೆಗೆ ಒಂದು ಸಾಕು, ಎರಡು ವರ್ಷಕ್ಕೊಮ್ಮೆ ಬದಲಿಸಿ, ಇಲ್ಲದಿದ್ದರೆ ತನ್ನ ಮರಿಗಳಿಗೇ ಕೂಡಿ ಸಂತಾನ ಬಡವಾಗುತ್ತದೆ. ಜೂನಿನಲ್ಲಿ ಕೊಡಬೇಡಿ. ಸಂತೆಯಿಂದ ತಂದ ಆಡು ಹೊಸ ಮೇವು, ಹೊಸ ನೀರು, ಥಂಡಿ ಮೂರನ್ನೂ ಒಟ್ಟಿಗೆ ತಡೆದುಕೊಳ್ಳುವುದಿಲ್ಲ. ಶ್ವಾಸಕೋಶಕ್ಕೆ ಕಫ ಹಿಡಿದು ವಾರದೊಳಗೆ ಸಾಯುತ್ತದೆ. ಮಳೆ ಬಿಟ್ಟ ಮೇಲೆ, ಅಕ್ಟೋಬರ್ ಕೊನೆಗೋ ನವೆಂಬರಿಗೋ ತನ್ನಿ.

ಆಡಿಗಿಂತ ಮೊದಲು ಗೂಡು. ನೆಲದಿಂದ ಮೂರು ನಾಲ್ಕು ಅಡಿ ಎತ್ತರದ ಅಟ್ಟ. ಅಡಿಕೆ ಸಲಕೆ ಸಾಕು, ಸಲಕೆಗಳ ನಡುವೆ ಅರ್ಧ ಇಂಚು ಎಡೆ ಬಿಡಿ. ಅದಕ್ಕಿಂತ ಕಡಿಮೆಯಾದರೆ ಹಿಕ್ಕೆ ಕೆಳಗೆ ಬೀಳದೆ ಕಾಲು ಒದ್ದೆಯಾಗಿ ಗೊರಸು ಕೊಳೆಯುತ್ತದೆ. ಹೆಚ್ಚಾದರೆ ಮರಿಯ ಕಾಲು ಸಿಕ್ಕಿ ಮುರಿಯುತ್ತದೆ. ದೊಡ್ಡ ಆಡೊಂದಕ್ಕೆ ಹತ್ತು ಚದರಡಿ ಜಾಗ. ಪಡುವಣ ಬದಿಯ ಮಾಡು ಎರಡಡಿಯಷ್ಟು ಮುಂದಕ್ಕೆ ಚಾಚಿರಲಿ, ಇರಚಲು ಅಲ್ಲಿಂದಲೇ ಬರುವುದು. ಮೂವತ್ತು ಕಿಲೋ ತೂಗುವ ಆಡಿಗೆ ದಿನಕ್ಕೆ ಮೂರು ಕಿಲೋದಷ್ಟು ಹಸಿ ಸೊಪ್ಪು ಬೇಕು. ಎರಡು ಆಡಿಗೆ ಎರಡು ದೊಡ್ಡ ಹಲಸಿನ ಮರವಾದರೂ ಕೈಗೆಟಕಬೇಕು. ಐದು ಸೆಂಟ್ಸ್ ಜಾಗದ ಕಾಲನಿ ಮನೆಯಲ್ಲಿ ಸೊಪ್ಪು ಎಲ್ಲಿಂದ? ಪಕ್ಕದವರ ತೋಟದಿಂದ. ಅಲ್ಲಿಂದ ಜಗಳ. ಹಾಗಾಗಿ ಆಡು ಕೊಡುವ ಮೊದಲು ಮರ ಎಣಿಸಿ.

ರಬ್ಬರ್ ಎಲೆ ಮತ್ತು ಮರಗೆಣಸಿನ ಎಲೆ, ಇವೆರಡರ ಹೆಸರು ಹೇಳಿ ಎಚ್ಚರಿಸಬೇಕು. ಎರಡರಲ್ಲೂ ಹೊಟ್ಟೆಗೆ ಹೋದ ಮೇಲೆ ಸಯನೈಡ್ ಬಿಡುವ ಅಂಶವಿದೆ. ಎಳೆ ಎಲೆ ಹೆಚ್ಚು ಅಪಾಯ. ಗಾಳಿಗೆ ಬಿದ್ದ ರಬ್ಬರ್ ಗೆಲ್ಲಿಗೆ ಹಸಿದ ಆಡು ಬಾಯಿ ಹಾಕಿದರೆ ಬಾಯಲ್ಲಿ ನೊರೆ, ಏದುಸಿರು, ನಡುಕ. ಹಲವು ಸಲ ಪಶುವೈದ್ಯರಿಗೆ ಫೋನ್ ಹಚ್ಚುವಷ್ಟರಲ್ಲಿ ಮುಗಿದಿರುತ್ತದೆ. ರಬ್ಬರ್ ತೋಟದ ನಡುವಿನ ಮನೆಗೆ ಆಡು ಬೇಡ, ಕೋಳಿ ನೋಡಿ. ಮಳೆಗೆ ಮುಂಚೆ ಮತ್ತು ಮಳೆ ಬಿಟ್ಟ ಮೇಲೆ ಜಂತುಹುಳುವಿನ ಮದ್ದು, ಸರಕಾರಿ ಪಶು ಆಸ್ಪತ್ರೆಯಲ್ಲಿ ಪಿಪಿಆರ್ (ಆಡುಗಳ ಸಾಂಕ್ರಾಮಿಕ ರೋಗ) ಲಸಿಕೆ, ಕಿವಿಗೆ ಬಿಲ್ಲೆ ಹಾಕಿಸಿ ವಿಮೆ. ಬಿಲ್ಲೆ ಬಿದ್ದುಹೋದರೆ ಅದೇ ದಿನ ತಿಳಿಸಿ ಹೊಸತು ಹಾಕಿಸಬೇಕು. ಬಿಲ್ಲೆ ಇಲ್ಲದ ಆಡು ಸತ್ತರೆ ವಿಮೆಯವರು ಹಣ ಕೊಡುವುದಿಲ್ಲ.

ಗಬ್ಬದ ಅವಧಿ ಐದು ತಿಂಗಳು. ನವೆಂಬರಿನಲ್ಲಿ ತಂದು ಕೂಡಿಸಿದರೆ ಏಪ್ರಿಲ್, ಮೇಗೆ ಮರಿ. ಮರಿ ಮಾರಲು ಇನ್ನು ಏಳೆಂಟು ತಿಂಗಳು. ಮೊದಲ ಆದಾಯ ಕೈಗೆ ಬರುವಾಗ ಹದಿಮೂರು ತಿಂಗಳು ದಾಟಿರುತ್ತದೆ. ನಡುವೆ ಒಂದು ಪೂರ್ತಿ ಆಟಿ ಬಂದು ಹೋಗುತ್ತದೆ. ಆ ಆಟಿಯಲ್ಲಿ ಅಕ್ಕಿ ಕೊಡದಿದ್ದರೆ ಆಡು ಮಾರಾಟವಾಗುತ್ತದೆ. ತಪ್ಪು ಅವರದ್ದಲ್ಲ. ಕಿಟ್ಟಿಗೆ ನಿಜವಾದ ಬೆಲೆ ಬರುವುದು ಅಲ್ಲಿ: ಬಂಡವಾಳ ಮಾರದಂತೆ ಹೊಟ್ಟೆ ಕಾಯುವುದಕ್ಕೆ. ಹುಟ್ಟಿದ ಮೊದಲ ಹೆಣ್ಣುಮರಿ ತಾಯಿ ಹಾಲು ಬಿಟ್ಟ ಮೇಲೆ ಸರದಿಯ ಮುಂದಿನ ಮನೆಗೆ ಎಂದು ಮೊದಲೇ ಬರೆದುಕೊಳ್ಳಿ. ಪಡೆದವರು ಕೊಡುವವರೂ ಆದರೆ ಚರ್ಚಿನ ಅಂಗಳದಲ್ಲಿ ಅವರು ನಡೆಯುವ ರೀತಿ ಬೇರೆಯಾಗುತ್ತದೆ.

ಈಗ ಕಾಗದಪತ್ರ. ನೋಡಲು ನೀರಸ, ಆದರೆ ಒಂದು ರೂಪಾಯಿಗೆ ಹೆಚ್ಚು ಫಲ ಬರುವ ಕೆಲಸ ಇದು. ರೇಷನ್ ಕಾರ್ಡಿನ ಬಣ್ಣ ನೋಡಿ. ಹಳದಿ ಅಂತ್ಯೋದಯ, ಗುಲಾಬಿ ಆದ್ಯತೆ, ಆಮೇಲೆ ನೀಲಿ, ಬಿಳಿ. ಆಹಾರ ಭದ್ರತಾ ಕಾಯ್ದೆಯಂತೆ ಹಳದಿಗೆ ಮನೆಗೆ 35 ಕಿಲೋ, ಗುಲಾಬಿಗೆ ತಲೆಗೆ 5 ಕಿಲೋ ಧಾನ್ಯ. ನಾಲ್ಕು ಜನರ ಮನೆ ಬಿಳಿಯಿಂದ ಗುಲಾಬಿಗೆ ಬಂದರೆ ತಿಂಗಳಿಗೆ 20 ಕಿಲೋ ಪ್ರತಿ ತಿಂಗಳೂ ಬರುತ್ತದೆ. ನಮ್ಮ ಐದು ಕಿಲೋ ಕಿಟ್ ವರ್ಷಕ್ಕೆ ಒಂದು ಸಲ. ಬಡ ಮನೆಯ ಕಾರ್ಡ್ ಬಿಳಿಯಾಗಿ ಉಳಿಯಲು ಸಾಮಾನ್ಯ ಕಾರಣ ಒಂದೇ: ಪಾಲಾಗಿ ಹತ್ತು ವರ್ಷ ಕಳೆದರೂ ಕಾರ್ಡ್ ಇನ್ನೂ ಅಣ್ಣನ ಮನೆಯ ಜತೆ ಇದೆ, ಅಣ್ಣನ ಬಳಿ ಕಾರು ಇದೆ. ಮೊದಲು ಮನೆ ನಂಬ್ರ, ಆಮೇಲೆ ಬೇರೆ ಕಾರ್ಡ್, ಆಮೇಲೆ ಬಣ್ಣ. ಈ ಕ್ರಮ ತಪ್ಪಿಸಿ ನೇರ ಬಣ್ಣಕ್ಕೆ ಅರ್ಜಿ ಹಾಕಿದರೆ ತಳ್ಳಿಹಾಕುತ್ತಾರೆ.

ಸರಕಾರಿ ಅರ್ಜಿ ಹಾಕಿಕೊಡುವ ಅಕ್ಷಯ ಕೇಂದ್ರಕ್ಕೆ ಜತೆಗೆ ಒಬ್ಬರು ಹೋಗಿ. ವಾಳೆಯಲ್ಲಿ ಮಲಯಾಳ ಓದಿ ಬರೆಯುವ ಪ್ಲಸ್ ಟು ಮಕ್ಕಳು ಇದ್ದೇ ಇರುತ್ತಾರೆ. ಯುವ ಸಂಘದ ಕ್ರಿಕೆಟ್ ಪಂದ್ಯಕ್ಕೆ ಬಿಡುವಿರುವ ಮಕ್ಕಳಿಗೆ ಎರಡು ಶನಿವಾರ ಇದಕ್ಕೂ ಸಿಗುತ್ತದೆ. ಭಾಷಾ ಅಲ್ಪಸಂಖ್ಯಾತ ಪ್ರದೇಶದಲ್ಲಿ ಸರಕಾರಿ ಕಚೇರಿಗೆ ಕನ್ನಡದಲ್ಲಿ ಅರ್ಜಿ ಕೊಡುವ ಹಕ್ಕು ಕೇರಳದ ರಾಜ್ಯಭಾಷಾ ಕಾಯ್ದೆಯಲ್ಲೇ ಇದೆ. ಹಕ್ಕು ಇದೆ ಎಂದು ಹೇಳಿ ಕನ್ನಡದಲ್ಲೇ ಕೊಡಿ, ಆದರೆ ಬಡವರ ಕೆಲಸ ತಡವಾಗಬಾರದೆಂದಿದ್ದರೆ ಮಲಯಾಳದ ಪ್ರತಿಯನ್ನೂ ಜತೆಗಿಡಿ. ಹೋರಾಟ ಮಾಡಲು ಗಟ್ಟಿ ಇರುವವರು ನಾವು ಮಾಡೋಣ, ವಿಧವೆಯ ಪಿಂಚಣಿ ಅರ್ಜಿಯ ಹೆಗಲ ಮೇಲೆ ಬೇಡ. ಕಾರುಣ್ಯ ಆರೋಗ್ಯ ಸುರಕ್ಷಾ ಕಾರ್ಡಿನಲ್ಲಿ ಮನೆಗೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ನಾವೆಲ್ಲ ಕಾಯಿಲೆ ಎಂದರೆ ಮಂಗಳೂರಿಗೆ ಓಡುವವರು. ಹೋಗುವ ಆಸ್ಪತ್ರೆ ಪಟ್ಟಿಯಲ್ಲಿದೆಯೇ ಎಂದು ದಾಖಲಾಗುವ ಮೊದಲೇ ಕೇಳಬೇಕು, ಬಿಲ್ ಬಂದ ಮೇಲೆ ಕಾರ್ಡ್ ತೋರಿಸಿದರೆ ಪ್ರಯೋಜನವಿಲ್ಲ. 2020ರ ಮಾರ್ಚಿನಲ್ಲಿ ಮಂಗಳೂರಿಗೆ ಹೋಗುವ ತಲಪಾಡಿ ಗಡಿ ಮುಚ್ಚಿ ರೋಗಿಗಳು ದಾಟಲಾಗದೆ ನಿಂತದ್ದನ್ನು ಮರೆತಿಲ್ಲವಲ್ಲ. ಕೇರಳದೊಳಗಿನ ಪರಿಯಾರಂ, ಕಣ್ಣೂರಿನ ಆಸ್ಪತ್ರೆಗಳ ದಾರಿಯೂ ಗೊತ್ತಿರಲಿ.

ಇನ್ನೊಂದು ಮಾತು. ಕೇರಳ ಸರಕಾರ 64,006 ಅತಿ ಬಡ ಕುಟುಂಬಗಳನ್ನು ಗುರುತಿಸಿ, 2025ರ ನವೆಂಬರ್ 1ರಂದು ರಾಜ್ಯ ಅತಿಬಡತನ ಮುಕ್ತ ಎಂದು ಘೋಷಿಸಿತು. ಅದರ ಬಗ್ಗೆ ವಾದ ಬೇರೆ ಕಡೆ ಇರಲಿ. ಅದರಲ್ಲಿ ಕಲಿಯಬೇಕಾದದ್ದು ಒಂದಿದೆ: ಮನೆಮನೆಗೆ ಬೇರೆ ಬೇರೆ ಯೋಜನೆ ಬರೆದರು. ಒಬ್ಬರಿಗೆ ಮನೆ, ಒಬ್ಬರಿಗೆ ಮದ್ದು, ಒಬ್ಬರಿಗೆ ಗುರುತಿನ ಚೀಟಿ. ನಾವು ಇನ್ನೂರು ಮನೆಯ ಚರ್ಚಿನಲ್ಲಿ ಎಲ್ಲರಿಗೂ ಒಂದೇ ಕಿಟ್ ಕೊಡುತ್ತೇವೆ.

ಎಣ್ಮಕಜೆ, ಪಡ್ರೆ ಕಡೆಯ ಮನೆಗಳಿಗೆ ಹೋಗುವವರು ಇದನ್ನು ಇನ್ನೂ ಗಮನಿಸಬೇಕು. ಗೇರು ತೋಟಗಳ ಮೇಲೆ ಎಂಡೋಸಲ್ಫಾನ್ ಎಂಬ ಕೀಟನಾಶಕದ ಸಿಂಪಡಣೆ 2000ದ ಹೊತ್ತಿಗೆ ನಿಂತಿತು, 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಬಾಧಿತರಿಗೆ ತಲಾ 5 ಲಕ್ಷ ಕೊಡಬೇಕೆಂದು ಹೇಳಿತು. ಆದರೆ ಇಪ್ಪತ್ತೈದು ವರ್ಷದ ಮಗನನ್ನು ಎತ್ತಿ ಮೀಯಿಸುವ ತಾಯಿಗೆ ವಯಸ್ಸು ನಿಲ್ಲುವುದಿಲ್ಲ. ಆ ಮನೆಯ ಬಡತನದ ಮೂಲ ತಾಯಿ ಹೊರಗೆ ಕೆಲಸಕ್ಕೆ ಹೋಗಲಾಗದಿರುವುದು. ಅಲ್ಲಿಗೆ ಅಕ್ಕಿಗಿಂತ ಹೊತ್ತು ಕೊಡಿ: ವಾರಕ್ಕೆ ಮೂರು ದಿನ, ನಾಲ್ಕು ಗಂಟೆ, ಸರದಿಯಲ್ಲಿ ಒಬ್ಬರು ಕುಳಿತುಕೊಳ್ಳುವುದು. ಮೊದಲ ಎರಡು ವಾರ ತಾಯಿ ಮನೆ ಬಿಟ್ಟು ಹೋಗುವುದಿಲ್ಲ, ನಿಮ್ಮನ್ನು ನೋಡುತ್ತಿರುತ್ತಾಳೆ. ಬಿಡಿ. ಮಗು ಯಾವ ಮಗ್ಗುಲಿಗೆ ಮಲಗಿದರೆ ಗಂಟಲಿಗೆ ಸಿಕ್ಕುವುದಿಲ್ಲ, ಗಂಜಿ ಎಷ್ಟು ತೆಳ್ಳಗಿರಬೇಕು ಎಂದು ಅವಳಿಂದಲೇ ಕಲಿಯುವ ಕಾಲ ಅದು. ಅಲ್ಲಿ ಹೆಚ್ಚಿನ ಮನೆಗಳು ನಮ್ಮ ಚರ್ಚಿನವರದ್ದಲ್ಲ. ವಿನ್ಸೆಂಟ್ ಸಭೆಯ ನಿಯಮದಲ್ಲಿ ಜಾತಿ ಧರ್ಮ ಕೇಳುವ ಕಾಲಮ್ಮೇ ಇಲ್ಲ.

ಹಣದ ಶಿಸ್ತು. ಪೆಟ್ಟಿಗೆ ಮೂವರು ಸೇರಿ ತೆರೆಯಬೇಕು, ಮೂವರೂ ಒಂದೇ ಮನೆಯವರಾಗಿರಬಾರದು. ನೋಟುಗಳ ವಿವರ ಬರೆದ ಚೀಟಿಗೆ ಮೂವರ ಸಹಿ, ಮರುದಿನ ಬ್ಯಾಂಕಿಗೆ. ಧರ್ಮಸಭೆಯ ಕಾನೂನು ಈ ವಿಷಯದಲ್ಲಿ ನೇರವಾಗಿದೆ: 1267ನೇ ವಿಧಿಯಂತೆ ಒಂದು ಉದ್ದೇಶಕ್ಕೆ ಕೊಟ್ಟ ಕಾಣಿಕೆ ಆ ಉದ್ದೇಶಕ್ಕೇ ಖರ್ಚಾಗಬೇಕು, 537ರಂತೆ ಪ್ರತಿ ಚರ್ಚಿಗೂ ಹಣಕಾಸು ಸಮಿತಿ ಬೇಕು, 1287ರಂತೆ ಭಕ್ತರು ಕೊಟ್ಟದ್ದರ ಲೆಕ್ಕ ಭಕ್ತರಿಗೆ ಒಪ್ಪಿಸಬೇಕು. ಬಡವರ ನಿಧಿಯಿಂದ ಗಂಟೆಗೋಪುರದ ಬಣ್ಣಕ್ಕೆ ‘ತಾತ್ಕಾಲಿಕವಾಗಿ’ ತೆಗೆಯುವ ಹಾಗಿಲ್ಲ. ಒಬ್ಬ ರೋಗಿಯ ಹೆಸರಲ್ಲಿ ಹಣ ಎತ್ತುವಾಗ ಮೊದಲೇ ಒಂದು ವಾಕ್ಯ ಸೇರಿಸಿ: ಹೆಚ್ಚಾಗಿ ಉಳಿದರೆ ಬೇರೆ ರೋಗಿಗಳಿಗೆ ಬಳಸುತ್ತೇವೆ. ಆ ವಾಕ್ಯ ಇಲ್ಲದೆ ಎತ್ತಿ, ರೋಗಿ ತೀರಿಕೊಂಡು, ಉಳಿದ ಹಣಕ್ಕೆ ಮನೆಯವರೂ ಸಮಿತಿಯೂ ಕಿತ್ತಾಡಿದ ಊರುಗಳಿಗೆ ಕಡಿಮೆ ಇಲ್ಲ.

ಗಲ್ಫಿನಿಂದ ಬರುವ ಹಣಕ್ಕೆ ಒಂದು ಎಚ್ಚರಿಕೆ. ಕುವೈಟಿನಲ್ಲೋ ದುಬೈಯಲ್ಲೋ ಇರುವ ನಮ್ಮ ಹುಡುಗ ಭಾರತದ ಪಾಸ್‌ಪೋರ್ಟಿನವನಾಗಿದ್ದು, ತನ್ನ ಸಂಪಾದನೆಯಿಂದ ಬ್ಯಾಂಕಿನ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆಯಲ್ಲ. ಪಾಸ್‌ಪೋರ್ಟಿನ ಪ್ರತಿ ತರಿಸಿ ಕಡತದಲ್ಲಿಡಿ. ಅವನು ಇಂಗ್ಲೆಂಡಿನ ಪೌರತ್ವ ತೆಗೆದುಕೊಂಡಿದ್ದರೆ, ಅಥವಾ ಅಲ್ಲಿನ ಸಂಸ್ಥೆಯೊಂದು ಕಳಿಸಿದರೆ, ಅದು 2010ರ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ) ಕಾಯ್ದೆಯಡಿ ಬರುತ್ತದೆ. ನೋಂದಣಿ ಇಲ್ಲದೆ ಮುಟ್ಟುವಂತಿಲ್ಲ. 2020ರ ತಿದ್ದುಪಡಿಯ ಮೇಲೆ ಅಂಥ ಹಣ ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಬರಬೇಕು, ಆಡಳಿತ ವೆಚ್ಚ ನೂರಕ್ಕೆ ಇಪ್ಪತ್ತು ಮೀರಬಾರದು, ಇನ್ನೊಂದು ಸಂಸ್ಥೆಗೆ ವರ್ಗಾಯಿಸಲೂ ಬಾರದು. ‘ಅವರ ಖಾತೆಗೆ ಹಾಕಿಸಿ ನಮಗೆ ಕೊಡಿಸಿ’ ಎಂಬ ಹಳೆಯ ದಾರಿ ಮುಚ್ಚಿದೆ.

ಕೊನೆಗೆ ಸಟ್ಟುಗ ಯಾರ ಕೈಯಲ್ಲಿರಬೇಕು ಎಂಬ ವಿಷಯ. ಅಮೆರಿಕದ ಬಿಷಪರು 1969ರಲ್ಲಿ ಬಡತನದ ವಿರುದ್ಧ ಒಂದು ವಾರ್ಷಿಕ ಕಾಣಿಕೆ ಎತ್ತಲು ತೀರ್ಮಾನ ಮಾಡಿದರು. ಸೇರಿದ್ದರಲ್ಲಿ ಕಾಲು ಭಾಗ ಆಯಾ ಧರ್ಮಪ್ರಾಂತದಲ್ಲೇ ಉಳಿಯುತ್ತದೆ. ಹಣ ಬೇಡುವ ಸಂಘಕ್ಕೆ ಅವರ ಷರತ್ತು, ತೀರ್ಮಾನ ಮಾಡುವ ಜಾಗದಲ್ಲಿ ಬಡವರ ದನಿಯೇ ಮುಖ್ಯವಾಗಿರಬೇಕು. ನಮ್ಮ ಸಮಿತಿಗಳನ್ನು ನೋಡಿ: ನಿವೃತ್ತ ಮೇಷ್ಟ್ರು, ಬ್ಯಾಂಕಿನವರು, ತೋಟದ ಧಣಿ. ಏಳು ಜನರಲ್ಲಿ ಮೂವರಾದರೂ ಸಾಲ ತೀರಿಸಿ ಬಂದ ಮನೆಯವರಾಗಿರಲಿ. ಯಾವ ಅರ್ಜಿ ಸುಳ್ಳು, ಯಾವ ಮನೆ ಕೇಳಲು ನಾಚುತ್ತಿದೆ ಎಂದು ಅವರಿಗೆ ಮುಖ ನೋಡಿದರೆ ಗೊತ್ತಾಗುತ್ತದೆ. ಸಭೆಯನ್ನು ಸಂಜೆ ಏಳಕ್ಕೆ ಇಡಿ. ಬೆಳಿಗ್ಗೆ ಹತ್ತಕ್ಕೆ ಕರೆದರೆ ಅವರು ಒಂದು ದಿನದ ಕೂಲಿ ಬಿಟ್ಟು ಬರಬೇಕಾಗುತ್ತದೆ.

ಉಪನ್ಯಾಸದ ನಂತರ ಎರಡು ಪ್ರಶ್ನೆಗಳು ಬಂದವು.

ಗಂಡ ಕುಡಿಯುವ ಮನೆಗೆ ಹೇಗೆ ಕೊಡುವುದು ಎಂದು ಒಬ್ಬರು ಕೇಳಿದರು. ಖಾತೆ, ಆಡಿನ ವಿಮೆ, ಕಾರ್ಡು ಎಲ್ಲ ಹೆಂಡತಿಯ ಹೆಸರಲ್ಲಿರಲಿ. ಫೀಸು ನೇರ ಶಾಲೆಗೆ ಹೋಗಲಿ. ಗಂಡನನ್ನು ಬಿಟ್ಟು ಮಾತಾಡಬೇಡಿ, ಗೂಡು ಕಟ್ಟುವ ಕೆಲಸ ಅವನಿಗೇ ಕೊಡಿ. ಕುಡಿತ ಬಿಟ್ಟರೆ ಮಾತ್ರ ಸಹಾಯ ಎಂಬ ಷರತ್ತು ಹಾಕಿದರೆ ಶಿಕ್ಷೆಯಾಗುವುದು ಮಕ್ಕಳಿಗೆ.

ಬಡ್ಡಿಯಿಲ್ಲದ ಸಾಲದ ಕಂತು ನಿಲ್ಲಿಸಿದರೆ ಏನು ಮಾಡುವುದು ಎಂಬುದು ಎರಡನೆಯದು. ಮೊದಲ ಕಂತು ತಪ್ಪಿದ ವಾರವೇ ಹೋಗಿ, ಮೂರು ತಿಂಗಳು ಕಾಯಬೇಡಿ. ಕೇಳಲಿಕ್ಕೆ ಹೋಗುವವರು ಗುರುಗಳಾಗಬಾರದು. ಅವರು ಕೇಳಿದರೆ ಆ ಮನೆಯವರು ಮುಂದಿನ ಭಾನುವಾರ ಪೂಜೆಗೇ ಬರುವುದಿಲ್ಲ. ಜೂನ್, ಜುಲೈ, ಆಗಸ್ಟ್‌ಗೆ ಕಂತೇ ಬೇಡ ಎಂದು ಮೊದಲೇ ಬರೆದುಬಿಡಿ, ನಲವತ್ತು ತಿಂಗಳು ಐವತ್ತೆರಡಾಗಲಿ. ಹಾಗೂ ಬಾರದಿದ್ದರೆ ಅದನ್ನು ದಾನ ಎಂದು ಪುಸ್ತಕದಲ್ಲಿ ಬರೆದು, ಆ ಪುಟ ಮುಚ್ಚಿ, ಆ ಮನೆಗೂ ಹೇಳಿಬಿಡಿ. ಹೇಳದೆ ಬಿಟ್ಟರೆ ಅವರು ನಿಮ್ಮನ್ನು ಕಂಡಾಗಲೆಲ್ಲ ಬೇರೆ ದಾರಿ ಹಿಡಿದು ಹೋಗುತ್ತಾರೆ.